ಎತ್ತರದ ಪರ್ವತಗಳ ರೋವ್ ದುಂಬಿ: ದೇಹರಚನೆಯನ್ನೂ ನೆಲೆಯ ಹರವನ್ನೂ ದಾಖಲಿಸುವ ಕ್ರಮ

ಹಿಮಾಲಯದಲ್ಲಿ ಮರಗಳ ಗಡಿ ಮುಗಿದು ಹುಲ್ಲು, ಪಾಚಿ, ಬಂಡೆಗಳಷ್ಟೇ ಉಳಿಯುವ ಎತ್ತರದಲ್ಲಿ, ಕರಗುತ್ತಿರುವ ಹಿಮದ ಅಂಚಿನ ಒದ್ದೆ ಕಲ್ಲುಗಳನ್ನು ಮಗುಚಿದಾಗ ಸರಸರನೆ ಓಡಿ ಮರೆಯಾಗುವ ಕೀಟಗಳಲ್ಲಿ ರೋವ್ ದುಂಬಿಗಳು ಇದ್ದೇ ಇರುತ್ತವೆ. ಸ್ಟ್ಯಾಫಿಲಿನಿಡೇ ಎಂಬ ಈ ಕುಟುಂಬಕ್ಕೆ 1802ರಲ್ಲಿ ಫ್ರಾನ್ಸಿನ ಲಾಟ್ರೇಯ್ ಹೆಸರಿಟ್ಟರು. ಈಗ ಇದರಲ್ಲಿ 60,000ಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿವೆ. ಭಾರತ ಉಪಖಂಡದ ಪ್ರಭೇದಗಳನ್ನು ಬ್ರಿಟಿಷ್ ನೌಕಾಪಡೆಯ ವೈದ್ಯರಾಗಿದ್ದ ಮಾಲ್ಕಂ ಕ್ಯಾಮರಾನ್ 1930ರಿಂದ 1939ರ ನಡುವೆ ಸಂಪುಟಗಳಲ್ಲಿ ಕ್ರೋಡೀಕರಿಸಿದರು. ಆದರೂ ಎತ್ತರದ ಕಣಿವೆಗಳಿಂದ ಹೊಸ ಪ್ರಭೇದಗಳು ಬರುವುದು ನಿಂತಿಲ್ಲ. ಅಂಥದೊಂದು ದುಂಬಿ ಕೈಗೆ ಸಿಕ್ಕಾಗ ಅದರ ದೇಹವನ್ನೂ ಅದು ವಾಸಿಸುವ ಸ್ಥಳವನ್ನೂ ಇನ್ನೊಬ್ಬ ಓದುಗ ಪರೀಕ್ಷಿಸಿ ನೋಡಬಹುದಾದ ರೀತಿಯಲ್ಲಿ ಹೇಗೆ ಬರೆಯಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕೆಲಸ ಆರಂಭಿಸುವ ಮೊದಲು ಒಂದು ವಿಚಾರ ಸ್ಪಷ್ಟವಾಗಿರಬೇಕು. ಬಯಲು ಸೀಮೆಯ ಕೀಟವನ್ನು ವಿವರಿಸುವಾಗ ದೇಹರಚನೆ ಒಂದು ಅಧ್ಯಾಯ, ಹರವು ಇನ್ನೊಂದು ಅಧ್ಯಾಯ ಎಂದು ಬೇರೆಬೇರೆ ಬರೆದರೂ ನಡೆಯುತ್ತದೆ. ಪರ್ವತದ ರೋವ್ ದುಂಬಿಯಲ್ಲಿ ಹಾಗೆ ಮಾಡಿದರೆ ವಿವರಣೆಯ ಅರ್ಧ ಬೆಲೆ ಹೋಗುತ್ತದೆ. ಪೀಡರಸ್ ಕುಲವನ್ನೇ ನೋಡಿ. ಮಳೆಗಾಲದಲ್ಲಿ ದೀಪಕ್ಕೆ ಹಾರಿಬಂದು, ಮೈಮೇಲೆ ಕೂತಾಗ ಒರೆಸಿದರೆ ಚರ್ಮದ ಮೇಲೆ ಸುಟ್ಟಂಥ ಗುಳ್ಳೆ ಎಬ್ಬಿಸುವ ಕಪ್ಪು-ಕಿತ್ತಳೆ ಬಣ್ಣದ ಹುಳು ಇದೇ ಕುಲದ್ದು. ಚೆನ್ನಾಗಿ ಹಾರಬಲ್ಲ ಪೀಡರಸ್ ಫುಸಿಪಿಸ್ ಯುರೋಪಿನಿಂದ ಪೂರ್ವ ಏಷ್ಯಾದವರೆಗೆ ಹಬ್ಬಿದೆ. ಅದೇ ಕುಲದ ಪರ್ವತವಾಸಿ ಪ್ರಭೇದಗಳಲ್ಲಿ ಹಲವು ಹಾರುವುದಿಲ್ಲ, ಮತ್ತು ಅವುಗಳ ಹರವು ತೀರ ಕಿರಿದು. ರೆಕ್ಕೆ ಕುಗ್ಗಿದ ದುಂಬಿ ಆಳವಾದ ಕಣಿವೆಯನ್ನು ದಾಟಲಾರದು, ದಾಟಲಾರದ್ದು ಒಂದು ಬೆಟ್ಟಸಾಲಿನಲ್ಲೇ ಉಳಿದು ಕ್ರಮೇಣ ಪಕ್ಕದ ಸಾಲಿನ ಸಂಬಂಧಿಗಳಿಂದ ಬೇರೆಯಾಗುತ್ತದೆ. ಆದ್ದರಿಂದ ರೆಕ್ಕೆಯ ಬಗ್ಗೆ ಬರೆಯುವ ಪ್ರತಿಯೊಂದು ಸಾಲೂ ಹರವಿನ ಬಗ್ಗೆಯೂ ಒಂದು ಸೂಚನೆಯನ್ನು ಕೊಡುತ್ತದೆ. ಹರವಿನ ದಾಖಲೆ ಆ ಸೂಚನೆಗೆ ಸಾಕ್ಷಿಯಾಗಬೇಕು ಅಥವಾ ಅದನ್ನು ಅಲ್ಲಗಳೆಯಬೇಕು.

ಸಂಗ್ರಹದಿಂದಲೇ ಎಚ್ಚರ ಬೇಕಾಗುತ್ತದೆ. ಹಿಮದ ಅಂಚಿನ ಕಲ್ಲುಗಳ ಅಡಿ, ಕುಳ್ಳ ರೋಡೋಡೆಂಡ್ರಾನ್ ಪೊದೆಗಳ ಬುಡದ ತರಗೆಲೆ, ತೊರೆಯ ಪಕ್ಕದ ಒದ್ದೆ ಪಾಚಿ ಮತ್ತು ಜಲ್ಲಿ, ಯಾಕ್ ಹಾಗೂ ಕುರಿಗಳ ಸಗಣಿ ಇವು ಹುಡುಕಬೇಕಾದ ಮುಖ್ಯ ಜಾಗಗಳು. ಜಿಯೋಡ್ರೋಮಿಕಸ್ ಕುಲದವು ತೊರೆಯ ಅಂಚಿನಲ್ಲಿ, ಲೆಪ್ಟುಸಾ ಕುಲದ ಪುಟ್ಟ ದುಂಬಿಗಳು ಪಾಚಿ ಮತ್ತು ತರಗೆಲೆಯಲ್ಲಿ, ಫಿಲಾಂಥಸ್ ಮತ್ತು ಅಲಿಯೋಕಾರಾ ಕುಲಗಳ ಹಲವು ಪ್ರಭೇದಗಳು ಸಗಣಿಯಲ್ಲಿ ಸಿಗುತ್ತವೆ. ತರಗೆಲೆಯನ್ನು ಜರಡಿ ಹಿಡಿದು ಬಿಳಿ ಬಟ್ಟೆಯ ಮೇಲೆ ಉದುರಿಸಿ, ಬಾಯಿಂದ ಎಳೆಯುವ ಹೀರುನಳಿಕೆಯಲ್ಲಿ ಒಂದೊಂದಾಗಿ ಹಿಡಿಯುವುದು ನಿಧಾನದ ಕೆಲಸವಾದರೂ, ಎರಡು ಮೂರು ಮಿಲಿಮೀಟರ್ ಉದ್ದದ ಹುಳುಗಳಿಗೆ ಅದೇ ಖಾತ್ರಿಯಾದ ದಾರಿ. ಪ್ರತಿಯೊಂದು ಸೂಕ್ಷ್ಮ ನೆಲೆಯ ಹುಳುಗಳನ್ನೂ ಬೇರೆ ಸೀಸೆಯಲ್ಲಿ ಹಾಕಬೇಕು. ಕಲ್ಲಿನಡಿಯದನ್ನೂ ಸಗಣಿಯದನ್ನೂ ಒಂದೇ ಸೀಸೆಗೆ ಸುರಿದರೆ ಆಮೇಲೆ ಯಾವುದು ಎಲ್ಲಿಯದೆಂದು ಯಾರೂ ಹೇಳಲಾರರು.

ಹಿಮದ ಮೇಲ್ಮೈಯಲ್ಲಿ ಬಿದ್ದ ಹುಳುವಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಹಗಲಿನಲ್ಲಿ ಕಣಿವೆಯಿಂದ ಮೇಲಕ್ಕೆ ಏರುವ ಬಿಸಿಗಾಳಿ ತಗ್ಗಿನ ಲೆಕ್ಕವಿಲ್ಲದಷ್ಟು ಕೀಟಗಳನ್ನು ಹೊತ್ತು ತಂದು ಹಿಮದ ಮೇಲೆ ಕೆಡವುತ್ತದೆ. ಚಳಿಗೆ ಅವು ಅಲ್ಲೇ ಮರಗಟ್ಟುತ್ತವೆ, ಎತ್ತರದ ನಿವಾಸಿಗಳಾದ ಬೇಟೆಗಾರ ಕೀಟಗಳಿಗೆ ಆಹಾರವಾಗುತ್ತವೆ. ಬಿಳಿ ಹಿಮದ ಮೇಲೆ ಕಪ್ಪು ದುಂಬಿ ಎದ್ದು ಕಾಣುವುದರಿಂದ ಸಂಗ್ರಾಹಕನ ಕೈ ಮೊದಲು ಅದರತ್ತಲೇ ಹೋಗುತ್ತದೆ. ಆದರೆ ಅದು 4,000 ಮೀಟರ್ ಎತ್ತರದ ನಿವಾಸಿಯೋ, 2,000 ಮೀಟರಿನಿಂದ ಗಾಳಿಯಲ್ಲಿ ಬಂದ ಅತಿಥಿಯೋ ಎಂಬುದನ್ನು ಬರಿಯ ಎತ್ತರದ ಅಂಕಿ ತಿಳಿಸುವುದಿಲ್ಲ. ಮರಿಹುಳು ಜೊತೆಯಲ್ಲಿ ಸಿಕ್ಕಿದೆಯೇ, ಕಲ್ಲಿನಡಿಯಲ್ಲೂ ಅದೇ ಪ್ರಭೇದ ಇದೆಯೇ, ರೆಕ್ಕೆ ಪೂರ್ಣವಾಗಿದೆಯೇ ಎಂದು ನೋಡಿದ ಮೇಲಷ್ಟೇ ಅದನ್ನು ನಿವಾಸಿ ಎಂದು ಬರೆಯಬೇಕು. 'ಹಿಮದ ಮೇಲ್ಮೈಯಲ್ಲಿ' ಎಂಬ ಎರಡು ಪದ ಹುಳುವಿನ ಜೊತೆಗಿಡುವ ವಿವರದ ಚೀಟಿಯಲ್ಲಿ ಇಲ್ಲದ ಕಾರಣಕ್ಕೆ ಎತ್ತರದ ಪಟ್ಟಿಗೆ ಸೇರಿಹೋದ ತಗ್ಗಿನ ಹುಳುವನ್ನು ಅಲ್ಲಿಂದ ಹೊರಹಾಕುವುದು ಬಹಳ ಕಷ್ಟ.

ಕೊಲ್ಲಲು ಈಥೈಲ್ ಅಸಿಟೇಟ್ ಆವಿ ಉತ್ತಮ, ಕೀಲುಗಳು ಮೆತ್ತಗೆ ಉಳಿಯುತ್ತವೆ. ಡಿಎನ್‌ಎ ಪರೀಕ್ಷೆಗೆ ಇಡುವ ಹುಳುಗಳನ್ನು ಮಾತ್ರ ನೇರವಾಗಿ ಶೇಕಡಾ 95ಕ್ಕಿಂತ ಹೆಚ್ಚು ಸಾಂದ್ರತೆಯ ಎಥನಾಲಿಗೆ ಹಾಕಿ ತಣ್ಣಗೆ ಇಡಬೇಕು. ಬಣ್ಣದ ವಿವರಣೆಯನ್ನು ಇವುಗಳಿಂದ ಬರೆಯಬಾರದು, ಏಕೆಂದರೆ ಆಲ್ಕೊಹಾಲಿನಲ್ಲಿ ಬಣ್ಣ ಮಾಸುತ್ತದೆ. ಕೋಶದಿಂದ ಆಗತಾನೇ ಹೊರಬಂದ ಹುಳುಗಳೂ ಬಣ್ಣದ ವಿಷಯದಲ್ಲಿ ದಾರಿ ತಪ್ಪಿಸುತ್ತವೆ. ಪೂರ್ತಿ ಕಪ್ಪಾಗಬೇಕಾದ ಪ್ರಭೇದ ಆ ಹಂತದಲ್ಲಿ ಮಾಸಲು ಕಂದಾಗಿರುತ್ತದೆ.

ಇನ್ನು ಅಳತೆ. ರೋವ್ ದುಂಬಿಯ ಒಟ್ಟು ಉದ್ದವನ್ನು ನಂಬಲಾಗದು. ಉದರದ ಖಂಡಗಳು ಒಂದರೊಳಗೊಂದು ಸೇರಿಕೊಳ್ಳುವ ಕೊಳವೆಗಳಂತಿರುವುದರಿಂದ, ಅದೇ ಹುಳು ಒಣಗಿದಾಗ ಮೋಟಾಗಿಯೂ ಆಲ್ಕೊಹಾಲಿನಲ್ಲಿ ನೀಳವಾಗಿಯೂ ಕಾಣುತ್ತದೆ. ಹೀಗಾಗಿ ಮೇಲ್ದುಟಿಯ ಮುಂದಿನ ಅಂಚಿನಿಂದ ಗಟ್ಟಿ ಮೇಲ್ರೆಕ್ಕೆಗಳ ಹಿಂದಿನ ಅಂಚಿನವರೆಗಿನ ಮುಂಗಾಯದ ಉದ್ದವನ್ನು ಮುಖ್ಯ ಅಳತೆಯಾಗಿ ಕೊಟ್ಟು, ಒಟ್ಟು ಉದ್ದವನ್ನು ಅಂದಾಜಾಗಿ ಮಾತ್ರ ಸೇರಿಸಬೇಕು. ಇದರ ಜೊತೆಗೆ ಕಣ್ಣುಗಳನ್ನೂ ಒಳಗೊಂಡ ತಲೆಯ ಅಗಲ, ತಲೆಯ ಉದ್ದ, ಕಣ್ಣಿನ ಉದ್ದ, ಕಣ್ಣಿನ ಹಿಂದಿನ ಕೆನ್ನೆಯ ಉದ್ದ, ಎದೆಯ ಮೊದಲ ಖಂಡದ ಮೇಲ್ಫಲಕವಾದ ಪ್ರೊನೋಟಮಿನ ಉದ್ದ ಮತ್ತು ಅಗಲ, ಮೇಲ್ರೆಕ್ಕೆಯ ಉದ್ದ ಮತ್ತು ಜೋಡಿ ಅಗಲ ಬೇಕು. ಮೇಲ್ರೆಕ್ಕೆಯ ಉದ್ದವನ್ನು ಭುಜದಿಂದ ಅಳೆದಿರೋ, ಎರಡು ರೆಕ್ಕೆ ಕೂಡುವ ನಡುಗೆರೆಯಲ್ಲಿ ಅಳೆದಿರೋ ಎಂಬುದನ್ನು ಹೇಳದಿದ್ದರೆ ಆ ಅಂಕಿ ಬೇರೆಯವರಿಗೆ ಪ್ರಯೋಜನಕ್ಕೆ ಬಾರದು. ಒಂದೇ ಹುಳುವಿನ ಅಳತೆ ಕೊಟ್ಟು ಸುಮ್ಮನಾಗದೆ, ಸಿಕ್ಕ ಗಂಡು ಹೆಣ್ಣುಗಳೆಲ್ಲವನ್ನೂ ಅಳೆದು ಕನಿಷ್ಠ-ಗರಿಷ್ಠಗಳನ್ನೂ ಅಳೆದವುಗಳ ಸಂಖ್ಯೆಯನ್ನೂ ಕೊಡಬೇಕು.

ತಲೆಯ ವಿವರಣೆ ಉಪಕುಟುಂಬವನ್ನು ಗುರುತಿಸುವುದರಿಂದ ಶುರುವಾಗುತ್ತದೆ. ಕುಡಿಮೀಸೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡಿ. ಅದು ಎರಡು ಕಣ್ಣುಗಳ ನಡುವೆ ಹಣೆಯ ಮೇಲೆಯೇ ಎದ್ದಿದ್ದರೆ ಅಲಿಯೋಕಾರಿನೇ ಕಡೆಗೆ ಹೋಗಬೇಕು. ಹಣೆಯ ಮುಂದಿನ ಅಂಚಿನಲ್ಲಿದ್ದರೆ ಸ್ಟ್ಯಾಫಿಲಿನಿನೇ ಕಡೆಗೆ. ನೆತ್ತಿಯ ಹಿಂಭಾಗದಲ್ಲಿ ಮಣಿಯಂಥ ಎರಡು ಸರಳಾಕ್ಷಿಗಳು ಕಂಡರೆ ಅದು ಬಹುತೇಕ ಒಮಾಲಿನೇ. ಬೆಳಕನ್ನು ಓರೆಯಾಗಿ ಬಿಡದಿದ್ದರೆ ಈ ಸರಳಾಕ್ಷಿಗಳು ಗುಳಿಗಳೊಡನೆ ಬೆರೆತು ಕಣ್ತಪ್ಪಿಹೋಗುತ್ತವೆ. ತಲೆಯ ಬಹುಭಾಗವನ್ನು ಕಣ್ಣುಗಳೇ ಆವರಿಸಿದ್ದರೆ ಸ್ಟೀನಸ್ ಕುಲವಿರಬಹುದು. ಕುಡಿಮೀಸೆಯ ಖಂಡಗಳು ಸಾಮಾನ್ಯವಾಗಿ ಹನ್ನೊಂದು. ಪ್ರತಿಯೊಂದರ ಉದ್ದ-ಅಗಲಗಳ ಅನುಪಾತವನ್ನು ಬರೆಯಬೇಕು, 'ಕುಡಿಮೀಸೆ ನೀಳ' ಎಂಬ ಮಾತು ಏನನ್ನೂ ಹೇಳುವುದಿಲ್ಲ. ಮಣ್ಣಿನಾಳದಲ್ಲಿ, ದಪ್ಪ ತರಗೆಲೆಯೊಳಗೆ ಬದುಕುವ ಲ್ಯಾಥ್ರೋಬಿಯಂ ಕುಲದ ಪರ್ವತ ಪ್ರಭೇದಗಳಲ್ಲಿ ಕಣ್ಣು ಚಿಕ್ಕದಾಗಿ ಕೆನ್ನೆ ಉದ್ದವಾಗಿರುವುದು ಸಾಮಾನ್ಯ. ಕಣ್ಣನ್ನೂ ಕೆನ್ನೆಯನ್ನೂ ಬೇರೆಬೇರೆಯಾಗಿ ಅಳೆಯಿರಿ ಎಂದದ್ದು ಇದಕ್ಕಾಗಿ. ಪಾದದ ಖಂಡಗಳ ಎಣಿಕೆಯನ್ನು ಮುಂಗಾಲು, ನಡುಗಾಲು, ಹಿಂಗಾಲುಗಳ ಕ್ರಮದಲ್ಲಿ ಕೊಡಬೇಕು: ಕ್ವೀಡಿಯಸ್, ಫಿಲಾಂಥಸ್‌ಗಳಲ್ಲಿ 5-5-5, ಅಥೀಟಾದಲ್ಲಿ 4-5-5, ಲೆಪ್ಟುಸಾದಲ್ಲಿ 4-4-5.

ಪ್ರೊನೋಟಮಿನ ಮೇಲ್ಮೈಯಲ್ಲಿ ಗಮನಿಸಬೇಕಾದವು ಮೂರು: ರೋಮದ ಗುಳಿಗಳು, ಅವುಗಳ ನಡುವಿನ ಅಂತರ, ಮತ್ತು ಗುಳಿಗಳ ನಡುವಿನ ನೆಲದಲ್ಲಿರುವ ಅತಿಸೂಕ್ಷ್ಮ ಗೆರೆಬಲೆ. ಫಿಲಾಂಥಸ್‌ನಲ್ಲಿ ನಡುರೇಖೆಯ ಎರಡೂ ಬದಿಯ ಸಾಲಿನಲ್ಲಿರುವ ಗುಳಿಗಳ ಸಂಖ್ಯೆಯೇ ಪ್ರಭೇದಗಳ ಗುಂಪನ್ನು ತೀರ್ಮಾನಿಸುತ್ತದೆ. ಗುಳಿಗಳ ನಡುವಿನ ಅಂತರವನ್ನು 'ಒತ್ತಾಗಿ', 'ವಿರಳವಾಗಿ' ಎನ್ನುವ ಬದಲು ಗುಳಿಯ ವ್ಯಾಸದ ಎಷ್ಟು ಪಟ್ಟು ಎಂದು ಬರೆದರೆ ಅಳತೆಯೇ ಮಾತಾಗುತ್ತದೆ. ಗೆರೆಬಲೆಯ ಕಣ್ಣುಗಳು ಅಡ್ಡಕ್ಕೆ ಎಳೆದಂತಿವೆಯೋ, ಸಮಕೋನದ ಜಾಲವಾಗಿವೆಯೋ ಎಂಬುದು ಮಂದ ಬೆಳಕಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ಪ್ರಖರ ದೀಪದಡಿಯಲ್ಲಿ ಹೊಳಪು ಎಲ್ಲವನ್ನೂ ಮುಚ್ಚಿಬಿಡುತ್ತದೆ, ಆದ್ದರಿಂದ ದೀಪಕ್ಕೂ ಹುಳುವಿಗೂ ನಡುವೆ ಒಂದು ತುಂಡು ಟ್ರೇಸಿಂಗ್ ಕಾಗದವನ್ನು ಹಿಡಿಯುವುದು ಒಳ್ಳೆಯದು.

ಈಗ ಇಡೀ ವಿವರಣೆಯ ಕೇಂದ್ರವಾದ ರೆಕ್ಕೆಗೆ ಬರೋಣ. ರೋವ್ ದುಂಬಿಗಳ ಗಟ್ಟಿ ಮೇಲ್ರೆಕ್ಕೆಗಳು ಗಿಡ್ಡ. ಉದರದ ಹೆಚ್ಚಿನ ಭಾಗ ಹೊರಗೇ ಇರುತ್ತದೆ. ಹಾರಬಲ್ಲ ಪ್ರಭೇದಗಳಲ್ಲಿ ಈ ಗಿಡ್ಡ ಮುಚ್ಚಳದಡಿಯಲ್ಲಿ ಉದ್ದವಾದ ಪೊರೆರೆಕ್ಕೆಗಳು ಹಲವು ಮಡಿಕೆಗಳಾಗಿ ಅಡಗಿರುತ್ತವೆ, ಎಡ ಬಲಗಳ ಮಡಿಕೆಯ ವಿನ್ಯಾಸ ಬೇರೆಬೇರೆ, ಮತ್ತು ಹಾರಿ ಇಳಿದ ಮೇಲೆ ದುಂಬಿ ತನ್ನ ಬಾಗುವ ಉದರದಿಂದಲೇ ಅವನ್ನು ಒಳಕ್ಕೆ ತಳ್ಳುತ್ತದೆ. ಎತ್ತರದ ಪ್ರಭೇದವನ್ನು ಪರೀಕ್ಷಿಸುವಾಗ ಹುಳುವನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗಾಗಿಸಿ, ಅತಿ ಸಣ್ಣ ಸೂಜಿಯಿಂದ ಬಲಗಡೆಯ ಮೇಲ್ರೆಕ್ಕೆಯನ್ನು ನಡುಗೆರೆಯ ಕಡೆಯಿಂದ ಮೆಲ್ಲಗೆ ಎತ್ತಬೇಕು. ಮಡಿಕೆಯಾದ ಪೊರೆ ಹೊರಬಂದರೆ ಅದು ಪೂರ್ಣ ರೆಕ್ಕೆ. ಮಡಿಕೆಯೇ ಇಲ್ಲದೆ, ಮೇಲ್ರೆಕ್ಕೆಗಿಂತಲೂ ಮೋಟಾದ, ನಾಳಗಳು ಅಳಿಸಿಹೋದ ಒಂದು ಪಾರದರ್ಶಕ ಚೂರು ಕಂಡರೆ ಅದು ಕುಗ್ಗಿದ ರೆಕ್ಕೆ. ಈ ಚೂರು ಎಷ್ಟು ಉದ್ದ, ಮೇಲ್ರೆಕ್ಕೆಯ ಉದ್ದದ ಎಷ್ಟನೇ ಭಾಗ ಎಂಬುದನ್ನು ಅಳೆದು ಬರೆಯಬೇಕು.

ರೆಕ್ಕೆ ಕುಗ್ಗಿದ ಗುರುತು ಹೊರಗಿನ ಆಕಾರದಲ್ಲೂ ಇರುತ್ತದೆ. ಮೇಲ್ರೆಕ್ಕೆಯ ಭುಜದ ಉಬ್ಬು ಇಳಿದುಹೋಗಿ, ಎರಡೂ ರೆಕ್ಕೆಗಳು ಸೇರಿ ಮುಂದೆ ಕಿರಿದು ಹಿಂದೆ ಅಗಲವಾದ ಆಕೃತಿ ತಾಳುತ್ತವೆ. ನಡುಗೆರೆಯಲ್ಲಿ ಅವು ಪ್ರೊನೋಟಮಿಗಿಂತ ಸ್ಪಷ್ಟವಾಗಿ ಮೋಟಾಗಿರುತ್ತವೆ. ಹಾರುವ ಸ್ನಾಯುಗಳಿಗೆ ಜಾಗ ಬೇಡವಾದ್ದರಿಂದ ಕೆಳಭಾಗದಲ್ಲಿ ನಡುಗಾಲು ಮತ್ತು ಹಿಂಗಾಲುಗಳ ಬುಡದ ನಡುವಿನ ಫಲಕವೂ ಕುಗ್ಗುತ್ತದೆ. ಆದರೆ ಹೊರ ಆಕಾರವನ್ನು ನೋಡಿಯೇ 'ರೆಕ್ಕೆಯಿಲ್ಲ' ಎಂದು ಬರೆಯುವುದು ಅವಸರದ ತೀರ್ಮಾನ. ಕೆಲವು ಪ್ರಭೇದಗಳಲ್ಲಿ ಒಂದೇ ಜಾಗದಲ್ಲಿ ಉದ್ದರೆಕ್ಕೆಯವೂ ಮೋಟುರೆಕ್ಕೆಯವೂ ಇರುತ್ತವೆ, ಆದ್ದರಿಂದ ಬೇರೆ ಬೇರೆ ಎತ್ತರಗಳ ಹಲವು ಹುಳುಗಳ ರೆಕ್ಕೆ ತೆರೆದು ನೋಡಿ ಎಷ್ಟರಲ್ಲಿ ಎಷ್ಟು ಮೋಟು ಎಂದು ಕೊಡಬೇಕು.

ಉದರವನ್ನು ಎಣಿಸುವಾಗ ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ಮೊದಲ ಎರಡು ಖಂಡಗಳು ಕುಗ್ಗಿ ಮೇಲ್ರೆಕ್ಕೆಯಡಿ ಸೇರಿರುವುದರಿಂದ, ಪೂರ್ತಿಯಾಗಿ ಕಾಣುವ ಮೊದಲ ಖಂಡ ರಚನೆಯ ಲೆಕ್ಕದಲ್ಲಿ ಮೂರನೆಯದು. ವಿವರಣೆಯಲ್ಲಿ ಯಾವಾಗಲೂ ಈ ರಚನೆಯ ಲೆಕ್ಕವನ್ನೇ ಬಳಸಿ, ಹಾಗೆಂದು ಮೊದಲೇ ಹೇಳಿಬಿಡಬೇಕು. ಹಳೆಯ ಬರಹಗಳಲ್ಲಿ ಕಾಣುವ ಖಂಡಗಳನ್ನಷ್ಟೇ ಎಣಿಸಿರುವುದರಿಂದ ಹೋಲಿಸುವಾಗ ಅಂಕಿಗಳು ತಾಳೆಯಾಗುವುದಿಲ್ಲ. ಏಳನೆಯ ಖಂಡದ ಬೆನ್ನುಫಲಕದ ಹಿಂದಿನ ಅಂಚನ್ನು ದೊಡ್ಡದಾಗಿ ಮಾಡಿ ನೋಡಿ. ಹಾರಬಲ್ಲ ಪ್ರಭೇದಗಳಲ್ಲಿ ಸಾಮಾನ್ಯವಾಗಿ ಅಲ್ಲಿ ಒತ್ತೊತ್ತಾಗಿ ನಿಂತ ಸೂಕ್ಷ್ಮ ಬಿಳಿ ಎಳೆಗಳ ಅಂಚುಪಟ್ಟಿ ಇರುತ್ತದೆ. ರೆಕ್ಕೆ ಕುಗ್ಗಿದ ಪರ್ವತ ಪ್ರಭೇದಗಳಲ್ಲಿ ಆ ಪಟ್ಟಿ ಮಾಯವಾಗಿರುತ್ತದೆ ಅಥವಾ ಕುರುಹಾಗಿ ಉಳಿದಿರುತ್ತದೆ. ಮೇಲ್ರೆಕ್ಕೆಯನ್ನು ಎತ್ತಲು ಅನುಮತಿಯಿಲ್ಲದ ಹಳೆಯ ಮ್ಯೂಸಿಯಂ ಮಾದರಿಗಳಲ್ಲಿ ಹಾರುವ ಶಕ್ತಿಯನ್ನು ಊಹಿಸಲು ಇದಕ್ಕಿಂತ ಸುಲಭವಾದ ಗುರುತಿಲ್ಲ, ಆದರೂ ಎಷ್ಟೋ ವಿವರಣೆಗಳಲ್ಲಿ ಇದನ್ನು ಬಿಟ್ಟುಬಿಟ್ಟಿರುತ್ತಾರೆ.

ಪ್ರಭೇದವನ್ನು ಕೊನೆಗೆ ನಿರ್ಧರಿಸುವುದು ಬಹುಪಾಲು ಗಂಡಿನ ಜನನಾಂಗವಾದ ಈಡೀಗಸ್. ಪಕ್ಕದ ಎರಡು ಬೆಟ್ಟಸಾಲುಗಳ ಹುಳುಗಳು ಹೊರನೋಟಕ್ಕೆ ಒಂದೇ ಆಗಿದ್ದು ಈಡೀಗಸಿನಲ್ಲಿ ಮಾತ್ರ ಬೇರೆಯಾಗಿರುವುದು ಈ ಕುಟುಂಬದಲ್ಲಿ ವಿರಳವಲ್ಲ. ಮೆತ್ತಗಾದ ಹುಳುವಿನ ತುದಿಖಂಡಗಳನ್ನು ಸಣ್ಣ ಚಿಮಟದಿಂದ ಹೊರಗೆಳೆದು, ಸುಮಾರು ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮಾಂಸ ಕರಗುವವರೆಗೆ ಇಟ್ಟು, ನೀರಿನಲ್ಲಿ ತೊಳೆದು, ಗ್ಲಿಸರಿನ್‌ನಲ್ಲಿ ನೋಡಬೇಕು. ಕಾಯಿಸುವ ಆತುರ ಬೇಡ. ಎಳೆಯ ಹುಳುವಿನ ಒಳಚೀಲದ ರಚನೆಗಳು ಹೆಚ್ಚು ಕಾಯಿಸಿದರೆ ಬಿಳಿಚಿ ಕಾಣದಾಗುತ್ತವೆ. ಈಡೀಗಸಿನ ನಡುಹಾಲೆಯನ್ನು ಕೆಳಗಿನಿಂದಲೂ ಪಕ್ಕದಿಂದಲೂ, ಪಕ್ಕಹಾಲೆಗಳ ಮೇಲಿನ ರೋಮಗಳ ಸಂಖ್ಯೆಯೊಡನೆ ಬಿಡಿಸಿ, ಚಿತ್ರದ ಪಕ್ಕ ಅಳತೆಗೆರೆ ಹಾಕಬೇಕು. ಕೋನ ಸ್ವಲ್ಪ ಓರೆಯಾದರೂ ತುದಿಯ ಆಕಾರ ಬೇರೆಯಾಗಿ ಕಾಣುವುದರಿಂದ, ಹೋಲಿಸುವ ಎರಡೂ ಪ್ರಭೇದಗಳನ್ನು ಒಂದೇ ಕೋನದಲ್ಲಿ ಬಿಡಿಸಿದ ಚಿತ್ರಗಳಿಗೆ ಮಾತ್ರ ಬೆಲೆ. ಗಂಡಿನ ಎಂಟನೆಯ ಖಂಡದ ಹೊಟ್ಟೆಫಲಕದ ಕಚ್ಚು, ಮುಂಗಾಲಿನ ಪಾದ ಅಗಲವಾಗಿದೆಯೇ ಎಂಬುದು, ಹೆಣ್ಣಿನಲ್ಲಿ ವೀರ್ಯವನ್ನು ಕೂಡಿಡುವ ಚೀಲವಾದ ವೀರ್ಯಕೋಶದ ತಿರುವು ಇವನ್ನೂ ಸೇರಿಸಬೇಕು. ಅಲಿಯೋಕಾರಿನೇಯಲ್ಲಿ ವೀರ್ಯಕೋಶ ಅನಿವಾರ್ಯ. ಹುಳುವಿನಿಂದ ಬೇರ್ಪಡಿಸಿದ ಭಾಗಗಳನ್ನು ಗಾಜಿನ ಪುಟ್ಟ ಸೀಸೆಯಲ್ಲಾಗಲಿ, ಯೂಪರಾಲ್ ಎಂಬ ಪಾರದರ್ಶಕ ಅಂಟು ಹಚ್ಚಿದ ಕಾರ್ಡಿನಲ್ಲಾಗಲಿ ಅದೇ ಹುಳುವಿನ ಸೂಜಿಗೇ ಚುಚ್ಚಿ ಇಡಬೇಕು.

ಹರವಿನ ಭಾಗ ಬರೆಯುವಾಗ ಮೊದಲ ಆಧಾರ ಚೀಟಿ. ಅದರಲ್ಲಿ ದೇಶ, ರಾಜ್ಯ, ಜಿಲ್ಲೆ, ಹತ್ತಿರದ ಊರು ಅಥವಾ ಕಣಿವೆ, ಅಕ್ಷಾಂಶ-ರೇಖಾಂಶ, ಎತ್ತರ, ದಿನಾಂಕ, ನೆಲೆ, ಹಿಡಿದ ವಿಧಾನ, ಹಿಡಿದವರ ಹೆಸರು ಇರಬೇಕು. ಅಕ್ಷಾಂಶವನ್ನು ದಶಮಾಂಶದ ಮೂರು ಸ್ಥಾನಗಳವರೆಗೆ ಕೊಟ್ಟರೆ ಸುಮಾರು 110 ಮೀಟರಿನ ನಿಖರತೆ ಸಿಗುತ್ತದೆ. ಬಯಲಿನಲ್ಲಿ ಇದು ಧಾರಾಳವಾಯಿತು. 45 ಡಿಗ್ರಿ ಇಳಿಜಾರಿನಲ್ಲಿ ಮಾತ್ರ ಅಷ್ಟೇ ದೂರಕ್ಕೆ ಎತ್ತರವೂ 110 ಮೀಟರ್ ಬದಲಾಗುತ್ತದೆ. ಆದ್ದರಿಂದ ನಕ್ಷೆಯಿಂದ ಎತ್ತರವನ್ನು ಆಮೇಲೆ ಲೆಕ್ಕ ಹಾಕದೆ ಸ್ಥಳದಲ್ಲೇ ಬೇರೆಯಾಗಿ ಅಳೆದು ಬರೆದುಕೊಳ್ಳಬೇಕು. ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದೂ ಬೇಕು, ಏಕೆಂದರೆ ಉತ್ತರಕ್ಕೆ ಮುಖ ಮಾಡಿದ ಮಗ್ಗುಲಿನಲ್ಲಿ ಹಿಮ ತಡವಾಗಿ ಕರಗುತ್ತದೆ, ಅಲ್ಲಿ ತಂಪು ಬಯಸುವ ದುಂಬಿ ದಕ್ಷಿಣದ ಮಗ್ಗುಲಿಗಿಂತ ಕೆಳಗೇ ಸಿಗಬಹುದು. ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಅದರ ಜೊತೆ ಈ ದಿಕ್ಕಿನ ಲೆಕ್ಕವೂ ಸೇರಬೇಕು.

ಹಳೆಯ ಚೀಟಿಗಳನ್ನು ಓದುವುದು ಬೇರೆಯೇ ಪರಿಶ್ರಮ. '9,000 ಅಡಿ' ಎಂದಿದ್ದರೆ ಅದು 2,743 ಮೀಟರ್ ಆಗುತ್ತದೆ ನಿಜ, ಆದರೆ ಮೂಲದ ಅಂಕಿಯೇ ದುಂಡುಸಂಖ್ಯೆಯಾದ್ದರಿಂದ 'ಸುಮಾರು 2,740 ಮೀಟರ್' ಎಂದು ಬರೆಯುವುದೇ ಪ್ರಾಮಾಣಿಕ. ಆಡಳಿತದ ಗಡಿಗಳೂ ಸರಿದಿವೆ. 1990ರ ದಶಕದ ಚೀಟಿಯಲ್ಲಿ 'ಉತ್ತರ ಪ್ರದೇಶ, ಚಮೋಲಿ' ಎಂದಿರುವ ಹುಳು, 2000ದ ನವೆಂಬರ್‌ನಲ್ಲಿ ಹೊಸ ರಾಜ್ಯ ರಚನೆಯಾದ ಮೇಲೆ ಉತ್ತರಾಖಂಡದ್ದು. 'ಕಾಶ್ಮೀರ' ಎಂಬ ಹಳೆಯ ಚೀಟಿಯ ಲೇಹ್ ಈಗ 2019ರಿಂದ ಲಡಾಖ್ ಕೇಂದ್ರಾಡಳಿತ ಪ್ರದೇಶದಲ್ಲಿದೆ. ಮೂಲ ಚೀಟಿಯ ಮಾತುಗಳನ್ನು ಇದ್ದಂತೆಯೇ ಉದ್ಧರಣ ಚಿಹ್ನೆಯಲ್ಲಿ ಕೊಟ್ಟು, ಇಂದಿನ ಹೆಸರನ್ನು ಅದರ ಮುಂದೆ ಬೇರೆಯಾಗಿ ಸೇರಿಸುವುದು ಸರಿಯಾದ ಪದ್ಧತಿ. ಕೊಡಗಿನ ಹುಳುಗಳಿಗೆ ಹಳಬರು 'ಕೂರ್ಗ್' ಎಂದು ಬರೆದ ಚೀಟಿಗಳಿಗೂ ಇದೇ ನಿಯಮ.

ನಕ್ಷೆಯನ್ನು ತಯಾರಿಸುವಾಗ ಚುಕ್ಕೆಗಳನ್ನು ಸುತ್ತುವರಿದು ಬಣ್ಣ ತುಂಬುವ ಚಪಲವನ್ನು ತಡೆದುಕೊಳ್ಳಬೇಕು. ಹಾರಲಾರದ ಪ್ರಭೇದ ಎರಡು ಶಿಖರಸಾಲುಗಳಲ್ಲಿ ಸಿಕ್ಕಿತೆಂದು ನಡುವಿನ ಬಿಸಿ ಕಣಿವೆಯಲ್ಲೂ ಇದೆ ಎಂದು ತೋರಿಸಿದರೆ ಅದು ತಪ್ಪು ಮಾತ್ರವಲ್ಲ, ಆ ಎರಡು ಸಾಲಿನ ಹುಳುಗಳು ನಿಜಕ್ಕೂ ಒಂದೇ ಪ್ರಭೇದವೇ ಎಂಬ ಪ್ರಶ್ನೆಯನ್ನೇ ಮುಚ್ಚಿಹಾಕಿದಂತೆ. ಅಡ್ಡನಕ್ಷೆಯ ಜೊತೆಗೆ, ಎತ್ತರವನ್ನು ಲಂಬವಾಗಿ ಗುರುತಿಸಿ ಪ್ರತಿ ದಾಖಲೆಯನ್ನೂ ಅದರ ಎತ್ತರದಲ್ಲಿ ಇಟ್ಟ ಸಣ್ಣ ಚಿತ್ರವೊಂದು ಇರಲಿ. ಮರಗಳ ಗಡಿಯನ್ನೂ ಅದರಲ್ಲಿ ಗೆರೆಯಾಗಿ ಎಳೆಯಿರಿ. ಹುಡುಕಿಯೂ ಸಿಗದ ಜಾಗಗಳನ್ನು ಟೊಳ್ಳು ಚುಕ್ಕೆಗಳಾಗಿ ತೋರಿಸಬೇಕು, ಜೊತೆಗೆ ಎಷ್ಟು ಹೊತ್ತು, ಯಾವ ತಿಂಗಳಲ್ಲಿ ಹುಡುಕಲಾಯಿತೆಂಬುದನ್ನೂ ಹೇಳಬೇಕು. ಬೇಸಿಗೆ ಮೊಟಕಾಗಿರುವ ಆ ಎತ್ತರದಲ್ಲಿ ಜೂನ್‌ನಲ್ಲಿ ಹೇರಳವಾಗಿರುವ ಪ್ರಭೇದ ಸೆಪ್ಟೆಂಬರ್‌ನಲ್ಲಿ ಕಣ್ಣಿಗೆ ಬೀಳದಿರಬಹುದು. ಕೇವಲ ಒಂದು ಕಣಿವೆಯಿಂದ ಸಿಕ್ಕಿದ್ದರೆ 'ಮೂಲಸ್ಥಳದಿಂದ ಮಾತ್ರ ದಾಖಲಾಗಿದೆ' ಎನ್ನಬೇಕೇ ಹೊರತು 'ಇಲ್ಲಿಗೆ ಮಾತ್ರ ಸೀಮಿತ' ಎನ್ನಬಾರದು. ಎರಡನೆಯದನ್ನು ಹೇಳಲು ಅಕ್ಕಪಕ್ಕದ ಸಾಲುಗಳನ್ನೂ ಹುಡುಕಿರಬೇಕು, ಮತ್ತು ರೆಕ್ಕೆ ಕುಗ್ಗಿರುವುದನ್ನು ತೋರಿಸಿರಬೇಕು. ಪಶ್ಚಿಮಘಟ್ಟದ ಹುಳುಗಳಿಗೆ ಈ ಮಾತನ್ನು ಹಾಗೇ ಅನ್ವಯಿಸುವಂತಿಲ್ಲ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲೂ ಹಿಮ ಬೀಳುವುದಿಲ್ಲ, ಅಲ್ಲಿ ಶೋಲಾ ಕಾಡಿಗೂ ಹುಲ್ಲುಗಾವಲಿಗೂ ನಡುವಿನ ಗೆರೆಯೇ ಮರಗಳ ಗಡಿಯ ಜಾಗದಲ್ಲಿ ನಿಲ್ಲುತ್ತದೆ. ಅಳೆಯುವ, ರೆಕ್ಕೆ ತೆರೆದು ನೋಡುವ, ಚೀಟಿ ಬರೆಯುವ ಕ್ರಮ ಮಾತ್ರ ಒಂದೇ.

ಪ್ರಭೇದ ಹೊಸದೆಂದು ಖಚಿತವಾದರೆ ಹೆಸರಿಡುವ ನಿಯಮಗಳು ಬರುತ್ತವೆ. 2000ದ ಜನವರಿ 1ರಿಂದ ಜಾರಿಯಲ್ಲಿರುವ ಅಂತಾರಾಷ್ಟ್ರೀಯ ಪ್ರಾಣಿನಾಮಕರಣ ಸಂಹಿತೆಯ ನಾಲ್ಕನೆಯ ಆವೃತ್ತಿಯ ಪ್ರಕಾರ ಆಧಾರಮಾದರಿಯನ್ನು, ಅಂದರೆ ಹೊಸ ಹೆಸರಿಗೆ ಆಧಾರವಾಗುವ ಹುಳುವನ್ನು, ಸ್ಪಷ್ಟವಾಗಿ ಗೊತ್ತುಪಡಿಸಿ, ಅದು ಯಾವ ಸಂಗ್ರಹಾಲಯದಲ್ಲಿದೆ ಎಂದು ಹೇಳಬೇಕು. ಈಡೀಗಸಿನಲ್ಲೇ ವ್ಯತ್ಯಾಸವಿರುವ ಗುಂಪುಗಳಲ್ಲಿ ಗಂಡನ್ನೇ ಆಧಾರಮಾದರಿಯಾಗಿ ಆರಿಸುವುದು ವಿವೇಕ. ಆನ್‌ಲೈನ್ ಪತ್ರಿಕೆಯಲ್ಲಿ ಮಾತ್ರ ಪ್ರಕಟವಾಗುವುದಿದ್ದರೆ ಪ್ರಾಣಿಗಳ ಹೆಸರುಗಳ ಅಧಿಕೃತ ನೋಂದಣಿ ತಾಣವಾದ ಝೂಬ್ಯಾಂಕ್‌ನಲ್ಲಿ ಆ ಬರಹ ನೋಂದಣಿಯಾಗಿರಬೇಕು. ಸಂರಕ್ಷಿತ ಅರಣ್ಯದಲ್ಲಿ ಹುಳು ಹಿಡಿಯಲು ಅರಣ್ಯ ಇಲಾಖೆಯ ಅನುಮತಿಯನ್ನು ಹೊರಡುವ ಮೊದಲೇ ಪಡೆದಿರಬೇಕು. 2008ರಲ್ಲಿ ಡಾರ್ಜಿಲಿಂಗ್ ಬಳಿಯ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿಯಿಲ್ಲದೆ ಕೀಟ ಸಂಗ್ರಹಿಸಿದ ಇಬ್ಬರು ಜೆಕ್ ಕೀಟತಜ್ಞರ ಬಂಧನವಾದದ್ದು ಈ ವಲಯದವರಿಗೆಲ್ಲ ತಿಳಿದ ಸಂಗತಿ. 2002ರ ಜೀವವೈವಿಧ್ಯ ಕಾಯ್ದೆಯ 39ನೆಯ ಕಲಮಿನಂತೆ, ಹೊಸ ಪ್ರಭೇದ ಕಂಡುಹಿಡಿದವರು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥದೊಂದು ಭಂಡಾರ; ಕೀಟಗಳಿಗಾಗಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇನ್ನೊಂದು. ಮಾದರಿಯ ಜೊತೆ ಬಿಡಿಸಿದ ರೆಕ್ಕೆಯ ಚೂರನ್ನೂ ಈಡೀಗಸನ್ನೂ ಕಳುಹಿಸುವಾಗ, ಮೂಲ ಚೀಟಿಯನ್ನು ತೆಗೆದು ಹೊಸದಾಗಿ ಮುದ್ರಿಸಿದ್ದನ್ನು ಹಾಕದೆ, ಎರಡನ್ನೂ ಒಂದೇ ಸೂಜಿಯಲ್ಲಿ ಒಂದರ ಕೆಳಗೊಂದು ಉಳಿಸಬೇಕು.